ಮುಖಪುಟ ಕಟ್ಟಿದ ಬೇಲಿ: ಜೋಸೆಫಸ್ ಡೇನಿಯಲ್ಸ್ ಎಂಬ ಸಂಪಾದಕ, ಮಂತ್ರಿ, ರಾಯಭಾರಿ

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ರಾಜಧಾನಿ ರಾಲಿಯಲ್ಲಿ ನ್ಯಾಶ್ ಸ್ಕ್ವೇರ್ ಎಂಬ ಉದ್ಯಾನವಿದೆ. ಅಲ್ಲಿ 1985ರಿಂದ ನಿಂತಿದ್ದ ಒಂದು ಕಂಚಿನ ಪ್ರತಿಮೆಯನ್ನು 2020ರ ಜೂನ್ 16ರಂದು ಇಳಿಸಲಾಯಿತು. ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯನ ಹತ್ಯೆಯಾಗಿ ಮೂರು ವಾರ ಕಳೆದಿತ್ತಷ್ಟೆ. ದೇಶದ ಉದ್ದಗಲಕ್ಕೂ ಪ್ರತಿಮೆಗಳು ಉರುಳುತ್ತಿದ್ದವು. ಕೆಲವನ್ನು ಜನ ಹಗ್ಗ ಕಟ್ಟಿ ಕೆಡವಿದರು, ಕೆಲವನ್ನು ಸರ್ಕಾರಗಳೇ ರಾತ್ರೋರಾತ್ರಿ ಸಾಗಿಸಿದವು. ಇದು ಎರಡೂ ಅಲ್ಲ. ಇದನ್ನು ತೆಗೆಸಿದ್ದು ಪ್ರತಿಮೆಯಲ್ಲಿದ್ದವನ ಸ್ವಂತ ಕುಟುಂಬ. ಅದೇ ಹೊತ್ತಿಗೆ ಅವನ ಹೆಸರಿದ್ದ ಮಿಡ್ಲ್ ಸ್ಕೂಲಿಗೆ ಓಬರ್ಲಿನ್ ಎಂದು ಬೇರೆ ಹೆಸರಾಯಿತು. ಮರುತಿಂಗಳು ಚಾಪೆಲ್ ಹಿಲ್‌ನ ವಿಶ್ವವಿದ್ಯಾಲಯವೂ ತನ್ನ ಕಟ್ಟಡವೊಂದರಿಂದ ಅವನ ಹೆಸರು ಕಿತ್ತಿತು.

ಅವನು ಜೋಸೆಫಸ್ ಡೇನಿಯಲ್ಸ್. ವೃತ್ತಿ ಪತ್ರಿಕಾ ಸಂಪಾದಕ. ಪ್ರತಿಮೆ ನಿಂತಿದ್ದದ್ದು ಅವನೇ ಬೆಳೆಸಿದ 'ನ್ಯೂಸ್ ಆ್ಯಂಡ್ ಅಬ್ಸರ್ವರ್' ಪತ್ರಿಕೆಯ ಹಳೆಯ ಕಚೇರಿಯ ಎದುರಿಗೆ.

ರಾಲಿ, ಕೇರಿ, ಮಾರಿಸ್‌ವಿಲ್ ಎಂದರೆ ಈಗ ನಮ್ಮವರಿಗೆ ದೂರದ ಹೆಸರುಗಳೇನಲ್ಲ. ಬೆಂಗಳೂರಿನ ಅರ್ಧ ಅಪಾರ್ಟ್‌ಮೆಂಟುಗಳಲ್ಲಿ ಅಲ್ಲಿಗೆ ಬಾಣಂತನಕ್ಕೆ ಹೋಗಿಬಂದ ಅಜ್ಜಿಯರು ಸಿಗುತ್ತಾರೆ. ಸಾಫ್ಟ್‌ವೇರ್, ಔಷಧ ಸಂಶೋಧನೆ, ಮೂರು ದೊಡ್ಡ ವಿಶ್ವವಿದ್ಯಾಲಯಗಳು: ಆ ಪ್ರದೇಶದ ಇಂದಿನ ಮುಖ ಇದು. (ಊರೊಂದಕ್ಕೆ 'ಕೇರಿ' ಎಂದು ಹೆಸರಿದೆಯಲ್ಲ, ಅದು ಕಾಕತಾಳೀಯ. ಆದರೆ ನಮ್ಮ ಹಳ್ಳಿಗಳ ಊರು–ಕೇರಿ ಲೆಕ್ಕ ಗೊತ್ತಿದ್ದವರಿಗೆ ಈ ಕಥೆ ಬೇಗ ಅರ್ಥವಾಗುತ್ತದೆ.) ಆ ಹೊಳಪಿನ ಕೆಳಗೆ 1898ರ ಒಂದು ಪದರವಿದೆ. ಆ ವರ್ಷದ ಚುನಾವಣೆಯನ್ನು ಗೆದ್ದುಕೊಟ್ಟದ್ದರಲ್ಲಿ ಬಂದೂಕಿನಷ್ಟೇ ಪಾಲು ಒಂದು ಪತ್ರಿಕೆಯ ಮುಖಪುಟಕ್ಕೂ ಇತ್ತು.

ಡೇನಿಯಲ್ಸ್ ಬಗ್ಗೆ ಸಾಮಾನ್ಯವಾಗಿ ಬರುವ ಬರಹಗಳಲ್ಲಿ ಒಂದು ತಕ್ಕಡಿ ಇರುತ್ತದೆ. ಒಂದು ತಟ್ಟೆಯಲ್ಲಿ ಒಳ್ಳೆಯದು: ಶಾಲೆ, ನೌಕಾಪಡೆಯ ಸುಧಾರಣೆ, ಮೆಕ್ಸಿಕೋ ಜೊತೆ ಶಾಂತಿ. ಇನ್ನೊಂದರಲ್ಲಿ ಕೆಟ್ಟದ್ದು: ಜನಾಂಗದ್ವೇಷ. ಯಾವುದು ಭಾರ ಎಂದು ನೋಡಿ ತೀರ್ಪು. ನನಗೆ ಈ ತಕ್ಕಡಿಯ ಮೇಲೆ ನಂಬಿಕೆಯಿಲ್ಲ. ಇವನ ಒಳ್ಳೆಯ ಕೆಲಸಕ್ಕೂ ಕೆಟ್ಟ ಕೆಲಸಕ್ಕೂ ಬಂಡವಾಳ ಒಂದೇ. ಬಡ ಬಿಳಿಯನ ಪರ ಅವನು ಪ್ರಾಮಾಣಿಕವಾಗಿ ನಿಂತ, ಮತ್ತು ಆ 'ಬಡವ'ನ ಸುತ್ತ ಬೇಲಿ ಹಾಕಿ ಕಪ್ಪು ಜನರನ್ನು ಹೊರಗಿಟ್ಟ. ಆ ಬೇಲಿಯನ್ನು ಅವನು ಕಟ್ಟಿದ್ದು ಸುದ್ದಿಯಿಂದ.

ಅವನು ಹುಟ್ಟಿದ್ದು 1862ರಲ್ಲಿ, ಅಂತರ್ಯುದ್ಧದ ನಡುವೆ. ತಂದೆ ಹಡಗು ಕಟ್ಟುವ ಕಸುಬಿನವ. ದಕ್ಷಿಣದವನಾದರೂ ಲಿಂಕನ್ನನ ಒಕ್ಕೂಟದ, ಅಂದರೆ ಉತ್ತರದ, ಕಡೆ ಒಲವಿದ್ದವ. ಯುದ್ಧದ ಕೊನೆಯ ವರ್ಷ ಗುಂಡೇಟಿಗೆ ಸತ್ತ. ವಿಧವೆಯಾದ ತಾಯಿ ಮಕ್ಕಳನ್ನು ಕಟ್ಟಿಕೊಂಡು ವಿಲ್ಸನ್ ಎಂಬ ಸಣ್ಣ ಊರಿಗೆ ಬಂದು ಅಲ್ಲಿನ ಅಂಚೆ ಕಚೇರಿಯ ಪೋಸ್ಟ್‌ಮಿಸ್ಟ್ರೆಸ್ ಆದಳು. ಆ ಕಾಲದಲ್ಲಿ ಅಂಚೆ ಕೆಲಸ ವಾಷಿಂಗ್ಟನ್‌ನಲ್ಲಿ ಆಳುವ ಪಕ್ಷದ ಕೃಪೆ. ಆಳುತ್ತಿದ್ದದ್ದು ಲಿಂಕನ್ನನ ರಿಪಬ್ಲಿಕನ್ ಪಕ್ಷ. ಮಗ ಹದಿನೆಂಟರ ಹರೆಯಕ್ಕೇ ಊರಿನ 'ವಿಲ್ಸನ್ ಅಡ್ವಾನ್ಸ್' ಪತ್ರಿಕೆಯ ಸಂಪಾದಕನಾಗಿ ಕೂತು ಅದೇ ರಿಪಬ್ಲಿಕನ್ನರನ್ನು ವಾರವಾರವೂ ಝಾಡಿಸಿದ. ಪರಿಣಾಮ ತಾಯಿಯ ಕೆಲಸ ಹೋಯಿತು. ಅನ್ನ ಕೊಡುತ್ತಿದ್ದ ಕಚೇರಿ ಮಗನ ಸಂಪಾದಕೀಯಕ್ಕೆ ಬಲಿ! ಸಾಲಿಗೆ ಎಷ್ಟು ತೂಕವಿರುತ್ತದೆ ಎಂಬುದನ್ನು ಈ ಹುಡುಗ ಮನೆಯ ಒಲೆಯ ಮುಂದೆಯೇ ಕಲಿತ ಎನ್ನಬಹುದು.

ಕಾನೂನು ಓದಿದ, ವಕೀಲಿಕೆ ಮಾಡಲಿಲ್ಲ. 1885ರಲ್ಲಿ ರಾಲಿಗೆ ಬಂದ. ಬೆನ್ನಿಗೆ ನಿಂತವನು ಡರಂ ಊರಿನ ತಂಬಾಕು ಶ್ರೀಮಂತ ಜೂಲಿಯನ್ ಕಾರ್. ಎರಡು ವರ್ಷಕ್ಕೆ ಶಾಸನಸಭೆ ಅವನನ್ನು ರಾಜ್ಯದ ಅಧಿಕೃತ ಮುದ್ರಕನನ್ನಾಗಿ ಆರಿಸಿತು. ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಸಣ್ಣ ಪತ್ರಿಕೆ ಚಂದಾ ಹಣದಿಂದ ಬದುಕುತ್ತಿರಲಿಲ್ಲ. ಗೆಜೆಟ್, ಕಾಯ್ದೆ, ನೋಟೀಸು ಅಚ್ಚು ಹಾಕುವ ಸರ್ಕಾರಿ ಗುತ್ತಿಗೆ ಯಾರಿಗೆ ಸಿಕ್ಕಿತೋ ಅವರ ಯಂತ್ರ ತಿರುಗುತ್ತಿತ್ತು. ಗುತ್ತಿಗೆ ಕೊಡುವುದು ಪಕ್ಷ, ಪಕ್ಷಕ್ಕೆ ಬರೆಯುವುದು ಪತ್ರಿಕೆ. 'ಸಂಪಾದಕ ರಾಜಕಾರಣಿಯಾದ' ಎಂದು ನಾವು ಹೇಳುವಾಗ ನಡುವೆ ಒಂದು ಹೊಸ್ತಿಲಿದೆ ಎಂದುಕೊಳ್ಳುತ್ತೇವೆ. ಅವನ ಪಾಲಿಗೆ ಹೊಸ್ತಿಲೇ ಇರಲಿಲ್ಲ.

ಅವನೊಬ್ಬನೇ ಹಾಗಿದ್ದನೆಂದಲ್ಲ. ಅಮೆರಿಕದ ದಕ್ಷಿಣದಲ್ಲಿ ಇದೊಂದು ಮಾದರಿ. 1893ರಲ್ಲಿ ಡೇನಿಯಲ್ಸ್‌ಗೆ ವಾಷಿಂಗ್ಟನ್‌ನ ಆಂತರಿಕ ಇಲಾಖೆಯಲ್ಲಿ ಮುಖ್ಯ ಗುಮಾಸ್ತನ ಹುದ್ದೆ ಸಿಕ್ಕಾಗ ಅಲ್ಲಿ ಮಂತ್ರಿಯಾಗಿದ್ದ ಹೋಕ್ ಸ್ಮಿತ್ 'ಅಟ್ಲಾಂಟಾ ಜರ್ನಲ್' ಪತ್ರಿಕೆಯ ಮಾಲೀಕ. ಅದೇ ಸ್ಮಿತ್ 1906ರಲ್ಲಿ ಜಾರ್ಜಿಯಾ ಗವರ್ನರ್ ಹುದ್ದೆಗೆ ನಿಂತಾಗ ಎದುರಾಳಿ 'ಅಟ್ಲಾಂಟಾ ಕಾನ್‌ಸ್ಟಿಟ್ಯೂಷನ್'ನ ಸಂಪಾದಕ ಕ್ಲಾರ್ಕ್ ಹೋವೆಲ್. ಒಂದೇ ಊರಿನ ಎರಡು ಪತ್ರಿಕೆಗಳಿಂದ ಬೆಳೆದ ಇಬ್ಬರು, ಕಪ್ಪು ಜನರ ಮತ ಕಿತ್ತುಕೊಳ್ಳುವುದರಲ್ಲಿ ನಾನು ಮುಂದೋ ನೀನು ಮುಂದೋ ಎಂದು ಪೈಪೋಟಿಗೆ ಬಿದ್ದರು. ಸೆಪ್ಟೆಂಬರಿನಲ್ಲಿ ಅಟ್ಲಾಂಟಾದಲ್ಲಿ ಕಪ್ಪು ಜನರ ಹತ್ಯಾಕಾಂಡ ನಡೆಯಿತು. ಮಿಸಿಸಿಪ್ಪಿಯಲ್ಲಿ ಗವರ್ನರ್ ಆದ ಜೇಮ್ಸ್ ವಾರ್ಡಮನ್ ಕೂಡ ಪತ್ರಿಕೆಯ ಸಂಪಾದಕನೇ. ನಮ್ಮಲ್ಲೂ ರಂಗನಾಥ ದಿವಾಕರರು, ಪಾಟೀಲ ಪುಟ್ಟಪ್ಪನವರು ಸಂಪಾದಕರ ಕುರ್ಚಿಯಿಂದ ದೆಹಲಿಯ ಸಂಸತ್ತಿಗೆ ಹೋದವರು. ಆದರೆ ಆ ದಾರಿ ಸ್ವಾತಂತ್ರ್ಯ ಹೋರಾಟದ್ದು, ಏಕೀಕರಣದ್ದು. ಹೋಲಿಕೆ ಅಲ್ಲಿಗೇ ನಿಲ್ಲಬೇಕು.

1894ರಲ್ಲಿ ಕಾರ್‌ನ ಹಣದ ಆಸರೆಯಿಂದ ಡೇನಿಯಲ್ಸ್ 'ನ್ಯೂಸ್ ಆ್ಯಂಡ್ ಅಬ್ಸರ್ವರ್' ಪತ್ರಿಕೆಯನ್ನು ಕೊಂಡ. ಕೊಂಡ ವರ್ಷವೇ ಅವನ ಡೆಮಾಕ್ರಟಿಕ್ ಪಕ್ಷ ರಾಜ್ಯದಲ್ಲಿ ಮಣ್ಣುಮುಕ್ಕಿತು.

ಆ ಸೋಲು ಗೊತ್ತಿಲ್ಲದೆ 1898 ಅರ್ಥವಾಗುವುದಿಲ್ಲ. ಹತ್ತಿಯ ಬೆಲೆ ಕುಸಿದು ಸಾಲದಲ್ಲಿ ಮುಳುಗಿದ್ದ ಬಿಳಿ ರೈತರು ಪಾಪ್ಯುಲಿಸ್ಟ್ ಪಕ್ಷ ಕಟ್ಟಿದ್ದರು. ಅವರು ರಿಪಬ್ಲಿಕನ್ನರ ಜೊತೆ, ಅಂದರೆ ಬಹುಪಾಲು ಕಪ್ಪು ಮತದಾರರ ಜೊತೆ, ಕೈಜೋಡಿಸಿದರು. ಈ ಕೂಡಾವಳಿಗೆ 'ಫ್ಯೂಷನ್' ಎಂದು ಹೆಸರು. ಗೆದ್ದ ಮೇಲೆ ಅವರು ಮಾಡಿದ್ದೇನು? ಬಡ್ಡಿ ದರಕ್ಕೆ ಶೇ 6ರ ಮಿತಿ ಹಾಕಿದರು. ಸ್ಥಳೀಯ ಆಡಳಿತವನ್ನು ಜನರೇ ಆರಿಸುವಂತೆ ಮಾಡಿದರು. ಅಕ್ಷರ ಬಾರದವನೂ ಮತ ಹಾಕುವಂತೆ ಚುನಾವಣಾ ಕಾಯ್ದೆ ತಿದ್ದಿದರು. 1896ರಲ್ಲಿ ಗವರ್ನರ್ ಹುದ್ದೆಯೂ ಅವರ ಪಾಲಾಯಿತು. ಜಾರ್ಜ್ ಹೆನ್ರಿ ವೈಟ್ ಎಂಬ ಕಪ್ಪು ವಕೀಲ ರಾಜ್ಯದಿಂದ ಸಂಸತ್ತಿಗೆ ಹೋದ. ಬಡ ಬಿಳಿಯನೂ ಬಡ ಕಪ್ಪನೂ ಒಟ್ಟಿಗೆ ಮತ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ನಾಲ್ಕು ವರ್ಷದ ಪುರಾವೆ ಸಿಕ್ಕಿತ್ತು. ಉಳ್ಳವರಿಗೆ ನಿದ್ದೆ ಕೆಡಿಸಿದ್ದು ಅದೇ.

1898ರಲ್ಲಿ ಡೆಮಾಕ್ರಟಿಕ್ ಪಕ್ಷದ ರಾಜ್ಯಾಧ್ಯಕ್ಷ ಫರ್ನಿಫೋಲ್ಡ್ ಸಿಮನ್ಸ್ ಒಂದು ಲೆಕ್ಕ ಹಾಕಿದ. ಬಡ್ಡಿ, ಹತ್ತಿ, ರೈಲು ಬಾಡಿಗೆ ಎಂದು ಚರ್ಚೆಗಿಳಿದರೆ ಸೋಲು ಖಚಿತ. ಬಿಳಿ ರೈತ ತನ್ನ ಸಾಲ ಮರೆಯಬೇಕಾದರೆ ಅವನಿಗೆ ತನ್ನ ಬಣ್ಣ ನೆನಪಾಗಬೇಕು. ಭಾಷಣ ಮಾಡಲು ಒಂದಿಷ್ಟು ಜನ, ಬೆದರಿಸಲು 'ಕೆಂಪಂಗಿ'ಗಳೆಂಬ ಶಸ್ತ್ರಸಜ್ಜಿತ ಕುದುರೆ ಸವಾರರು, ಬರೆಯಲು ಡೇನಿಯಲ್ಸ್.

ಅವನು ಮಾಡಿದ್ದನ್ನು ಡೆಸ್ಕಿನಲ್ಲಿ ಕೆಲಸ ಮಾಡಿದ ಯಾರಿಗಾದರೂ ಬಿಡಿಸಿ ಹೇಳಬೇಕಿಲ್ಲ. ನಾನು ಹಿಂದೊಮ್ಮೆ ಕೆಲವು ಕಾಲ ಜಿಲ್ಲಾ ಪುಟ ಕಟ್ಟುತ್ತಿದ್ದೆ. ದಿನಕ್ಕೆ ನೂರಾರು ಸಣ್ಣ ಸುದ್ದಿ ಬರುತ್ತವೆ: ಜಗಳ, ಕಳವು, ಸೈಕಲ್ ಗುದ್ದಿದ್ದು, ಬಾವಿಗೆ ಬಿದ್ದದ್ದು. ಒಂದು ವಾರ ಬರೀ ಒಂದು ಬಡಾವಣೆಯ ಕಳವುಗಳನ್ನೇ ಆರಿಸಿ ಮೇಲುಗಡೆ ಹಾಕಿ ನೋಡಿ, ಆ ಬಡಾವಣೆ ಕಳ್ಳರ ಊರಾಗುತ್ತದೆ. ಒಂದೂ ಸುಳ್ಳು ಬರೆಯಬೇಕಿಲ್ಲ. ಒಮ್ಮೆ ಅರಿಯದೇ ಹಾಗೆ ಮಾಡಿ, ಆ ಬಡಾವಣೆಯ ಹಿರಿಯರೊಬ್ಬರು ಪತ್ರಿಕೆ ಮಡಚಿಕೊಂಡು ಕಚೇರಿಗೆ ಬಂದು ನನ್ನ ಮೇಜಿನ ಮೇಲಿಟ್ಟು ಮಾತಾಡದೆ ನಿಂತದ್ದು ಈಗಲೂ ನೆನಪಿದೆ.

ಡೇನಿಯಲ್ಸ್ ಅರಿತೇ ಮಾಡಿದ. ರಾಜ್ಯದ ಯಾವ ಮೂಲೆಯಲ್ಲಿ ಕಪ್ಪು ಮನುಷ್ಯನೊಬ್ಬ ಬಿಳಿಯ ಹೆಂಗಸಿಗೆ ದಾರಿ ಬಿಡಲಿಲ್ಲವೆಂಬ ದೂರು ಬಂದರೂ ಅದು ಸುದ್ದಿ. ಕಪ್ಪು ಪೊಲೀಸನೊಬ್ಬ ಬಿಳಿಯನನ್ನು ಹಿಡಿದರೆ ಅದು ದೊಡ್ಡ ಸುದ್ದಿ. ಪತ್ರಿಕೆಯ ತಲೆಬರಹಗಳಲ್ಲಿ 'ನೀಗ್ರೋ ಆಳ್ವಿಕೆ' ಎಂಬ ಪದ ದಿನವೂ ಮೊಳಗಿತು. ವಾಸ್ತವದಲ್ಲಿ ರಾಜ್ಯದ ಗವರ್ನರ್ ಬಿಳಿಯ, ಶಾಸಕರಲ್ಲಿ ಬಹುಪಾಲು ಬಿಳಿಯರು. ಆಳ್ವಿಕೆ ಎಲ್ಲಿತ್ತು? ಮುಖಪುಟದಲ್ಲಿತ್ತು.

ಓದು ಬಾರದ ಬಿಳಿಯರಿಗಾಗಿ ಚಿತ್ರ. ನಾರ್ಮನ್ ಜೆನೆಟ್ ಎಂಬ ಹಳ್ಳಿಗಾಡಿನ ತರುಣ ಚಿತ್ರಕಾರನನ್ನು ಡೇನಿಯಲ್ಸ್ ಕರೆಸಿಕೊಂಡ. ಆಗಸ್ಟಿನಿಂದ ನವೆಂಬರ್‌ವರೆಗೆ ಅವನ ವ್ಯಂಗ್ಯಚಿತ್ರಗಳು ಮುಖಪುಟದಲ್ಲೇ ಬಂದವು. ಸೆಪ್ಟೆಂಬರ್ 27ರದ್ದು ಎಲ್ಲಕ್ಕಿಂತ ಕುಖ್ಯಾತ: ರೆಕ್ಕೆ ಬಿಚ್ಚಿದ ಬಾವಲಿಯಂಥ ರಕ್ತಪಿಶಾಚಿ, ಮುಖ ಕಪ್ಪು ಮನುಷ್ಯನದು, ರೆಕ್ಕೆಯ ಮೇಲೆ 'ನೀಗ್ರೋ ಆಳ್ವಿಕೆ' ಎಂಬ ಅಕ್ಷರ, ಉಗುರುಗಳಡಿ ಬಿಳಿಯ ಹೆಂಗಸರು, ಕಾಲಬುಡದಲ್ಲಿ ಮತಪೆಟ್ಟಿಗೆ. ಅದಕ್ಕೆ ವಾದದ ಅಗತ್ಯವಿಲ್ಲ. ಸಂತೆಯಲ್ಲಿ ಒಬ್ಬ ಹಿಡಿದು ತೋರಿಸಿದರೆ ಹತ್ತು ಜನ ನೋಡುತ್ತಾರೆ. ಚಂದಾದಾರರಲ್ಲದವರ ಕೈಗೂ ಪತ್ರಿಕೆ ಸೇರುವಂತೆ ಪಕ್ಷ ಪ್ರತಿಗಳನ್ನು ಹಂಚಿತು.

ಈ ನಡುವೆ ವಿಲ್ಮಿಂಗ್ಟನ್ ಎಂಬ ಬಂದರು ನಗರದಿಂದ ಒಂದು ಬತ್ತಿ ಸಿಕ್ಕಿತು. ಅದು ಆಗ ರಾಜ್ಯದ ಅತಿ ದೊಡ್ಡ ನಗರ. ಕಪ್ಪು ಜನರೇ ಅಲ್ಲಿ ಹೆಚ್ಚು. ಅವರಲ್ಲಿ ಕ್ಷೌರಿಕರು, ಹೋಟೆಲಿನವರು, ಬಡಗಿಗಳು, ವಕೀಲರು, ನಗರಸಭಾ ಸದಸ್ಯರು ಎಲ್ಲ ಇದ್ದರು. ಅಲೆಕ್ಸಾಂಡರ್ ಮ್ಯಾನ್ಲಿ ಎಂಬ ಕಪ್ಪು ಸಂಪಾದಕ 'ಡೈಲಿ ರೆಕಾರ್ಡ್' ಎಂಬ ಪತ್ರಿಕೆ ನಡೆಸುತ್ತಿದ್ದ. ಕಪ್ಪು ಗಂಡಸರಿಂದ ಬಿಳಿ ಹೆಂಗಸರನ್ನು ಕಾಪಾಡಲು ವಾರಕ್ಕೆ ಸಾವಿರ ಜನರನ್ನು ಗುಂಪುಗೂಡಿ ಕೊಲ್ಲಬೇಕಾದರೂ ಸರಿ ಎಂದು ಜಾರ್ಜಿಯಾದ ರೆಬೆಕಾ ಫೆಲ್ಟನ್ ಮಾಡಿದ್ದ ಭಾಷಣಕ್ಕೆ ಆಗಸ್ಟ್ 18ರಂದು ಅವನು ಉತ್ತರ ಬರೆದ. ಬಿಳಿಯ ಗಂಡಸರು ಕಪ್ಪು ಹೆಂಗಸರಿಗೆ ಏನು ತಾನೇ ಮಾಡದೆ ಬಿಟ್ಟಿದ್ದಾರೆ, ಮತ್ತು ಅತ್ಯಾಚಾರವೆಂದು ಕರೆದ ಎಷ್ಟೋ ಸಂಬಂಧಗಳು ಒಪ್ಪಿಗೆಯವು ಎಂಬುದು ಅದರ ಸಾರ. ಡೇನಿಯಲ್ಸ್‌ನ ಪತ್ರಿಕೆ ಮತ್ತು ಪಕ್ಷದ ಇತರ ಪತ್ರಿಕೆಗಳು ಮ್ಯಾನ್ಲಿಯ ಮಾತುಗಳನ್ನು ಚುನಾವಣೆಯವರೆಗೂ ಮತ್ತೆ ಮತ್ತೆ ಅಚ್ಚು ಹಾಕಿದವು. ಒಬ್ಬ ಸಂಪಾದಕನ ಸಂಪಾದಕೀಯವೇ ಇನ್ನೊಬ್ಬ ಸಂಪಾದಕನ ಕೈಯಲ್ಲಿ ಅವನ ಮೇಲಿನ ಆರೋಪಪಟ್ಟಿಯಾದದ್ದು ಹೀಗೆ.

ನವೆಂಬರ್ 8ರಂದು ಡೆಮಾಕ್ರಟರು ರಾಜ್ಯ ಗೆದ್ದರು. ಆದರೆ ವಿಲ್ಮಿಂಗ್ಟನ್ ನಗರಸಭೆಗೆ ಆ ವರ್ಷ ಚುನಾವಣೆಯೇ ಇರಲಿಲ್ಲ. ಕಾಯುವ ವ್ಯವಧಾನವೂ ಇರಲಿಲ್ಲ. ನವೆಂಬರ್ 10ರ ಬೆಳಿಗ್ಗೆ ಆಲ್ಫ್ರೆಡ್ ಮೂರ್ ವ್ಯಾಡೆಲ್ ಎಂಬ ಮಾಜಿ ಸಂಸದನ ಮುಂದಾಳುತನದಲ್ಲಿ ನೂರಾರು ಶಸ್ತ್ರಧಾರಿಗಳು 'ಡೈಲಿ ರೆಕಾರ್ಡ್' ಕಚೇರಿಗೆ ನುಗ್ಗಿ ಯಂತ್ರ ಒಡೆದರು, ಕಟ್ಟಡ ಸುಟ್ಟಿತು. ಮ್ಯಾನ್ಲಿ ಅಷ್ಟರಲ್ಲಿ ಊರು ಬಿಟ್ಟಿದ್ದ. ಆಮೇಲೆ ಬೀದಿಗಳಲ್ಲಿ ಬೇಟೆ. ಸತ್ತ ಕಪ್ಪು ಜನರ ಲೆಕ್ಕ ಯಾರೂ ಇಡಲಿಲ್ಲ. ಅಂದಾಜುಗಳು ಹದಿನಾಲ್ಕರಿಂದ ಶುರುವಾಗಿ ಅರವತ್ತು ದಾಟಿ ಹೋಗುತ್ತವೆ. ಹೆಂಗಸರು ಮಕ್ಕಳು ರಾತ್ರಿಯೆಲ್ಲ ಜೌಗು ಕಾಡಿನಲ್ಲಿ, ಸ್ಮಶಾನದಲ್ಲಿ ಅವಿತರು. ಸಂಜೆಯೊಳಗೆ ಆಯ್ಕೆಯಾಗಿದ್ದ ನಗರಾಡಳಿತದಿಂದ ಬಂದೂಕಿನ ಬಾಯಲ್ಲಿ ರಾಜೀನಾಮೆ ಬರೆಸಿಕೊಂಡು ವ್ಯಾಡೆಲ್ ತಾನೇ ಮೇಯರ್ ಆಗಿ ಕೂತ. ಅಮೆರಿಕದ ನೆಲದಲ್ಲಿ ಜನ ಆರಿಸಿದ ಆಡಳಿತವನ್ನು ಬಲದಿಂದ ಕಿತ್ತು ದಕ್ಕಿಸಿಕೊಂಡ ಘಟನೆ ಎಂದು ಇತಿಹಾಸಕಾರರು ಬೆರಳು ಮಾಡುವುದು ಇದನ್ನೇ.

ಡೇನಿಯಲ್ಸ್ ಅಲ್ಲಿರಲಿಲ್ಲ. ಅವನು ಸುಮಾರು 200 ಕಿಲೋಮೀಟರ್ ಆಚೆ ರಾಲಿಯಲ್ಲಿ ತನ್ನ ಮೇಜಿನ ಮುಂದೆ ಇದ್ದ. ಕೈಗೆ ರಕ್ತ ಅಂಟದೆ ಆಗುವ ಕೆಲಸ ಅದು.

ಮುಂದಿನದು ಕಾನೂನಿನ ಕೆಲಸ. ಹೆದರಿಸಿ ಗೆದ್ದದ್ದನ್ನು ಕಾಯಂ ಮಾಡಬೇಕಿತ್ತು. ಲೂಸಿಯಾನಾ ರಾಜ್ಯ ಕಪ್ಪು ಜನರ ಮತವನ್ನು ಕಾನೂನಿನ ಮೂಲಕವೇ ಹೇಗೆ ಕಿತ್ತುಕೊಂಡಿದೆ ಎಂದು ನೋಡಲು ಡೇನಿಯಲ್ಸ್ ಖುದ್ದು ಅಲ್ಲಿಗೆ ಹೋಗಿಬಂದ. 1900ರಲ್ಲಿ ನಾರ್ತ್ ಕೆರೊಲಿನಾ ಸಂವಿಧಾನಕ್ಕೆ ತಿದ್ದುಪಡಿಯಾಯಿತು: ಮತ ಹಾಕಲು ತಲೆಗಂದಾಯ ಕಟ್ಟಿರಬೇಕು, ಸಂವಿಧಾನದ ಯಾವ ಭಾಗವನ್ನಾದರೂ ಓದಿ ಬರೆಯಬೇಕು. ಹಾಗಾದರೆ ಓದು ಬಾರದ ಬಿಳಿಯರ ಗತಿ? ಅವರಿಗೊಂದು ಕಿಂಡಿ. 1867ರ ಜನವರಿ 1ರಂದು ಅಥವಾ ಅದಕ್ಕೆ ಮೊದಲು ನಿಮಗೋ ನಿಮ್ಮ ಅಪ್ಪನಿಗೋ ಅಜ್ಜನಿಗೋ ಮತದ ಹಕ್ಕಿದ್ದರೆ ಪರೀಕ್ಷೆ ಬೇಡ. ಆ ದಿನಾಂಕವನ್ನು ನೋಡಿ. ಗುಲಾಮಗಿರಿಯಿಂದ ಬಿಡುಗಡೆಯಾದವರಿಗೆ ದಕ್ಷಿಣದಲ್ಲಿ ಮತ ಸಿಗಲು ಆರಂಭವಾದದ್ದು ಅದೇ ವರ್ಷದ ಮಾರ್ಚ್ ನಂತರ. ಕರಡಿನಲ್ಲಿ 'ಕಪ್ಪು', 'ಬಿಳಿ' ಎಂಬ ಪದವೇ ಇಲ್ಲ. ಒಂದು ತಾರೀಕು ಆ ಕೆಲಸವನ್ನೆಲ್ಲ ಮಾಡಿತು.

ಇನ್ನೂ ಒಂದು ಕುತೂಹಲದ ಕೊಂಡಿ ಇಲ್ಲಿದೆ. ಆ ಅಜ್ಜನ ಕಿಂಡಿ ತೆರೆದಿರುವುದು 1908ರ ಡಿಸೆಂಬರ್‌ವರೆಗೆ ಮಾತ್ರ. ಅಷ್ಟರೊಳಗೆ ಹೆಸರು ನೋಂದಾಯಿಸದ ಬಿಳಿಯ ಹುಡುಗನೂ ಓದು ಕಲಿತಿರಲೇಬೇಕು. ಅದಕ್ಕೇ ಅದೇ ಚುನಾವಣೆಯಲ್ಲಿ ಗವರ್ನರ್ ಆದ ಚಾರ್ಲ್ಸ್ ಏಕಾಕ್ ಊರೂರಿಗೆ ಶಾಲೆ ಕಟ್ಟಿಸುವ ಅಭಿಯಾನ ಹೂಡಿದ. 'ಶಿಕ್ಷಣದ ಗವರ್ನರ್' ಎಂದು ಹೆಸರು ಪಡೆದ. ಡೇನಿಯಲ್ಸ್ ಜೋರಾಗಿ ಬೆಂಬಲಿಸಿದ. ಪುಸ್ತಕಗಳಲ್ಲಿ ಶಾಲೆ ಒಂದು ಅಧ್ಯಾಯ, ಮತ ಕಿತ್ತದ್ದು ಇನ್ನೊಂದು ಅಧ್ಯಾಯ ಎಂದು ಬರುತ್ತದೆ. ಅವೆರಡೂ ಒಂದೇ ಕಾಯ್ದೆಯ ಎರಡು ಕೈಗಳು.

ಜಾರ್ಜ್ ಹೆನ್ರಿ ವೈಟ್ ಮರುಸ್ಪರ್ಧೆಗೆ ನಿಲ್ಲಲಿಲ್ಲ. 1901ರಲ್ಲಿ ಅವನು ಸಂಸತ್ತು ಬಿಟ್ಟ ಮೇಲೆ ನಾರ್ತ್ ಕೆರೊಲಿನಾದಿಂದ ಮತ್ತೊಬ್ಬ ಕಪ್ಪು ಪ್ರತಿನಿಧಿ ಆರಿಸಿಬರಲು 1992 ಬೇಕಾಯಿತು. ಸಿಮನ್ಸ್ ಮಾತ್ರ ಸೆನೆಟ್ಟಿಗೆ ಹೋಗಿ ಮೂವತ್ತು ವರ್ಷ ಅಲ್ಲೇ ಕೂತ.

ಗೆದ್ದ ಪತ್ರಿಕೆ ಸುಮ್ಮನಿರಲಿಲ್ಲ. 1903ರಲ್ಲಿ ಡರಂನ ಟ್ರಿನಿಟಿ ಕಾಲೇಜಿನ ಇತಿಹಾಸ ಪ್ರಾಧ್ಯಾಪಕ ಜಾನ್ ಸ್ಪೆನ್ಸರ್ ಬ್ಯಾಸೆಟ್ ಒಂದು ಲೇಖನ ಬರೆದರು. ಕಳೆದ ನೂರು ವರ್ಷಗಳಲ್ಲಿ ದಕ್ಷಿಣದಲ್ಲಿ ಹುಟ್ಟಿದವರಲ್ಲಿ ಅಂತರ್ಯುದ್ಧದಲ್ಲಿ ದಕ್ಷಿಣದ ಸೇನಾನಿಯಾಗಿದ್ದ ಜನರಲ್ ಲೀ ಒಬ್ಬನನ್ನು ಬಿಟ್ಟರೆ ಕಪ್ಪು ಶಿಕ್ಷಣತಜ್ಞ ಬುಕರ್ ಟಿ. ವಾಷಿಂಗ್ಟನ್ನರೇ ಅತಿ ದೊಡ್ಡ ಮನುಷ್ಯ ಎಂಬ ಒಂದು ಸಾಲು ಅದರಲ್ಲಿತ್ತು. ಗುಲಾಮನಾಗಿ ಹುಟ್ಟಿದವನನ್ನು ಲೀ ಪಕ್ಕದಲ್ಲಿ ನಿಲ್ಲಿಸುವುದೇ! ಡೇನಿಯಲ್ಸ್ ಪ್ರಾಧ್ಯಾಪಕರನ್ನು ಓಡಿಸಲು ಟೊಂಕ ಕಟ್ಟಿದ. ಅವರ ಹೆಸರು ಅಚ್ಚಾಗುವಾಗ ಒಂದು ಕುಚೇಷ್ಟೆ ಮಾಡಿದ. ಬ್ಯಾಸೆಟ್ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದರೆ ಒಳಗೆ 'ಆ್ಯಸ್', ಅಂದರೆ ಕತ್ತೆ ಎಂಬ ಪದ ಅಡಗಿದೆ. ಮೊದಲಕ್ಷರವನ್ನು ಸಣ್ಣದು ಮಾಡಿ ಆ ಮೂರಕ್ಷರವನ್ನು ಮಾತ್ರ ಕ್ಯಾಪಿಟಲ್ ಅಕ್ಷರದಲ್ಲಿ ಜೋಡಿಸಿದ. ಮೊಳೆ ಜೋಡಿಸುವವನ ಕೈಯಿಂದ ಆಗುವ ತಪ್ಪಲ್ಲ ಅದು. ಹೆಸರು ಬಂದಾಗಲೆಲ್ಲ ಒಂದು ಸಣ್ಣಕ್ಷರ, ಮೂರು ಕ್ಯಾಪಿಟಲ್, ಮತ್ತೆ ಉಳಿದವು ಸಣ್ಣಕ್ಷರ ಎಂದು ಬೇಕೆಂದೇ ಜೋಡಿಸಬೇಕು. ರಾಜ್ಯದ ಅತಿ ಪ್ರಭಾವಿ ಪತ್ರಿಕೆಯ ಸಂಪಾದಕ ಅಷ್ಟು ತಾಳ್ಮೆಯಿಂದ ಅಷ್ಟು ಸಣ್ಣವನಾದ. ಕಾಲೇಜಿನ ಟ್ರಸ್ಟಿಗಳು ಡಿಸೆಂಬರಿನ ಒಂದು ರಾತ್ರಿ ಬಹಳ ಹೊತ್ತು ಕೂತು 18–7 ಮತಗಳಿಂದ ಬ್ಯಾಸೆಟ್‌ರನ್ನು ಉಳಿಸಿಕೊಂಡರು. ಆ ಟ್ರಿನಿಟಿಯೇ ಇಂದಿನ ಡ್ಯೂಕ್ ವಿಶ್ವವಿದ್ಯಾಲಯ. ಅದಕ್ಕೆ ಹಣ ಕೊಡುತ್ತಿದ್ದ ಡ್ಯೂಕ್ ಕುಟುಂಬದ ತಂಬಾಕು ಟ್ರಸ್ಟ್ (ಅಂದರೆ ಮಾರುಕಟ್ಟೆಯನ್ನೇ ಹಿಡಿತದಲ್ಲಿಟ್ಟುಕೊಂಡ ಕಂಪನಿಕೂಟ) ಮೇಲೆ ಡೇನಿಯಲ್ಸ್‌ಗೆ ಹಳೆಯ ಹಗೆಯಿತ್ತು ಎಂಬುದನ್ನೂ ಸೇರಿಸಬೇಕು. ಆ ಹಗೆ ಸಕಾರಣವಾದದ್ದೇ. ತಂಬಾಕು ಬೆಳೆಗಾರರ ಬೆಲೆಯನ್ನು ಆ ಟ್ರಸ್ಟ್ ಹಿಂಡುತ್ತಿತ್ತು.

ಇದೇ ಮನುಷ್ಯ ಮರುವರ್ಷ, 1904ರಲ್ಲಿ, ಪತ್ರಿಕಾ ಸ್ವಾತಂತ್ರ್ಯದ ವೀರನೂ ಆದ. ರೈಲ್ವೆ ಕಂಪನಿಯೊಂದರ ವಿಚಾರದಲ್ಲಿ ಒಕ್ಕೂಟ ನ್ಯಾಯಾಧೀಶನೊಬ್ಬನನ್ನು ಟೀಕಿಸಿದ್ದಕ್ಕೆ ನ್ಯಾಯಾಂಗ ನಿಂದನೆಯೆಂದು 2,000 ಡಾಲರ್ ದಂಡ ಬಿತ್ತು. ಕಟ್ಟುವುದಿಲ್ಲವೆಂದ. ಅವನನ್ನು ವಶಕ್ಕೆ ತೆಗೆದುಕೊಂಡು ಇಟ್ಟದ್ದು ಸೆರೆಮನೆಯಲ್ಲಲ್ಲ, ಯಾರ್ಬರೋ ಹೌಸ್ ಎಂಬ ಹೋಟೆಲಿನ ಕೋಣೆಯಲ್ಲಿ. ಮೇಲಿನ ನ್ಯಾಯಾಧೀಶ ಬಿಡುಗಡೆ ಮಾಡಿದ. ಆರು ವರ್ಷದ ಹಿಂದೆ ಮ್ಯಾನ್ಲಿಯ ಪತ್ರಿಕೆಗೆ ಬೆಂಕಿ ಬಿದ್ದಾಗ ಪತ್ರಿಕಾ ಸ್ವಾತಂತ್ರ್ಯದ ಮಾತು ಅವನಿಗೆ ನೆನಪಾಗಿರಲಿಲ್ಲ.

ಅಲ್ಲಿಂದ ಮುಂದಿನ ಏಣಿ ಚಕಚಕನೆ. ಡೆಮಾಕ್ರಟಿಕ್ ನಾಯಕ ವಿಲಿಯಂ ಜೆನಿಂಗ್ಸ್ ಬ್ರಯಾನ್‌ನ ನಂಬುಗೆಯ ಅನುಯಾಯಿ, ಪಕ್ಷದ ರಾಷ್ಟ್ರೀಯ ಸಮಿತಿಯಲ್ಲಿ ಇಪ್ಪತ್ತು ವರ್ಷ ಸದಸ್ಯ. 1912ರ ಅಧ್ಯಕ್ಷ ಚುನಾವಣೆಯಲ್ಲಿ ವುಡ್ರೋ ವಿಲ್ಸನ್ನನ ಪ್ರಚಾರದ ಉಸ್ತುವಾರಿ. 1913ರಲ್ಲಿ ನೌಕಾಪಡೆಯ ಮಂತ್ರಿ, ಎಂಟು ವರ್ಷ. ಹಡಗಿನ ಬಗ್ಗೆ ಏನೂ ತಿಳಿಯದ ಹಳ್ಳಿ ಸಂಪಾದಕನೆಂದು ಅಡ್ಮಿರಲ್‌ಗಳು ಹಿಂದಿನಿಂದ ನಕ್ಕರು. ಅವನ ಕೈಕೆಳಗಿನ ಸಹಾಯಕ ಮಂತ್ರಿ, ನ್ಯೂಯಾರ್ಕಿನ ಸಿರಿವಂತ ಮನೆಯ ಯುವಕ ಫ್ರಾಂಕ್ಲಿನ್ ರೂಸ್‌ವೆಲ್ಟ್ ಕೂಡ ನಕ್ಕವನೇ. ಆ ಯುವಕ ಅಧ್ಯಕ್ಷನಾದ ಮೇಲೂ ಡೇನಿಯಲ್ಸ್‌ನನ್ನು 'ಚೀಫ್' ಎಂದೇ ಕರೆಯುತ್ತಿದ್ದ.

ಜನರಿಗೆ ನೆನಪಿರುವುದು 1914ರ ಜುಲೈ 1ರಿಂದ ಹಡಗುಗಳಲ್ಲಿ ಮದ್ಯ ನಿಷೇಧಿಸಿದ ಆದೇಶ. ಕಾಫಿಗೆ ಅಮೆರಿಕನ್ನರು 'ಜೋ' ಎನ್ನುವುದು ಇವನ ಹೆಸರಿನಿಂದಲೇ, ಹೆಂಡ ತಪ್ಪಿದ ನಾವಿಕರು ಶಾಪ ಹಾಕುತ್ತ ಇಟ್ಟ ಹೆಸರು ಎಂಬ ಕಥೆ ವಾಟ್ಸ್ಆ್ಯಪ್‌ನಲ್ಲಿ ಸುತ್ತುತ್ತದೆ. ಕಥೆ ರುಚಿಯಾಗಿದೆ, ಆಧಾರ ಗಟ್ಟಿಯಿಲ್ಲ.

ನಿಜಕ್ಕೂ ಮುಖ್ಯವಾದವು ಬೇರೆ. ಸಾಮಾನ್ಯ ನಾವಿಕರಿಗೆ ಹಡಗಿನಲ್ಲೇ ಪಾಠ ಶುರು ಮಾಡಿಸಿದ. ಅಧಿಕಾರಿಗಳ ಅಕಾಡೆಮಿಗೆ ಕೆಳಗಿನ ದರ್ಜೆಯವರೂ ಸೇರುವಂತೆ ಬಾಗಿಲು ತೆರೆದ. ಉಕ್ಕಿನ ಕಂಪನಿಗಳು ಒಳಗೊಳಗೇ ಮಾತಾಡಿಕೊಂಡು ಒಂದೇ ದರದ ಟೆಂಡರ್ ಹಾಕುವುದನ್ನು ಹಿಡಿದು ಸರ್ಕಾರವೇ ಕಾರ್ಖಾನೆ ಹಾಕಲಿ ಎಂದ. ನೌಕಾಪಡೆಯ ತೈಲ ನಿಕ್ಷೇಪಗಳನ್ನು ಖಾಸಗಿಯವರಿಗೆ ಬಿಡಲಿಲ್ಲ. ಅವನು ಹೋದ ಮೇಲೆ ಅವು ಕೈಬದಲಾಗಿ ಟೀಪಾಟ್ ಡೋಮ್ ಹಗರಣವೇ ಆಯಿತು. 1917ರಲ್ಲಿ ಗುಮಾಸ್ತರ ಕೊರತೆ ಬಿದ್ದಾಗ, ನೇಮಕದ ಕಾಯ್ದೆಯಲ್ಲಿ ಗಂಡಸೇ ಆಗಿರಬೇಕೆಂದು ಎಲ್ಲಿ ಬರೆದಿದೆ ಎಂದು ಕೇಳಿದ. ಬರೆದಿರಲಿಲ್ಲ. ಯುದ್ಧ ಮುಗಿಯುವಷ್ಟರಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಹೆಂಗಸರು ಸಮವಸ್ತ್ರದಲ್ಲಿದ್ದರು, ಗಂಡಸರಷ್ಟೇ ಸಂಬಳಕ್ಕೆ. ಕಾಯ್ದೆಯ ಪದಗಳಲ್ಲಿ ಏನಿದೆ ಏನಿಲ್ಲ ಎಂದು ಹುಡುಕುವ ಈ ಕಣ್ಣು 1900ರಲ್ಲಿ ತಾರೀಕು ಹುಡುಕಿದ್ದ ಕಣ್ಣೇ.

ಬೇಲಿಯೂ ಹಾಗೇ ಇತ್ತು. ನೌಕಾಪಡೆಯಲ್ಲಿ ಕಪ್ಪು ಜನರಿಗೆ ಉಳಿದದ್ದು ಬಹುತೇಕ ಅಡುಗೆಮನೆ, ಊಟದ ಕೋಣೆ, ಕುಲುಮೆಯ ಕೆಲಸ. 1919ರಲ್ಲಿ ಅವರ ಹೊಸ ಸೇರ್ಪಡೆಯೇ ನಿಂತಿತು. ಹೈಟಿಯನ್ನು 1915ರಲ್ಲಿ ಆಕ್ರಮಿಸಿಕೊಂಡದ್ದು ಇವನ ಮೆರೀನ್ ಪಡೆ. ಯುದ್ಧ ಮುಗಿದ ಮೇಲೆ ರೇಡಿಯೊ ಸರ್ಕಾರದ ಏಕಸ್ವಾಮ್ಯದಲ್ಲಿರಲಿ ಎಂದು ಹಟ ಹಿಡಿದವನೂ ಇವನೇ. ಸಂಪಾದಕನೊಬ್ಬ ಹೊಸ ಮಾಧ್ಯಮವನ್ನು ಸರ್ಕಾರದ ಕೈಗೆ ಕೊಡಿ ಎನ್ನುವುದು ವಿಚಿತ್ರವಲ್ಲವೇ? ಸಂಸತ್ತು ಒಪ್ಪಲಿಲ್ಲ.

ರೂಸ್‌ವೆಲ್ಟ್ 1933ರಲ್ಲಿ ಮುದುಕ ಗುರುವನ್ನು ಮೆಕ್ಸಿಕೋಗೆ ರಾಯಭಾರಿಯಾಗಿ ಕಳಿಸಿದ. 1914ರಲ್ಲಿ ಮೆಕ್ಸಿಕೋದ ವೆರಾಕ್ರೂಸ್ ಬಂದರಿನ ಮೇಲೆ ಗುಂಡು ಹಾರಿಸಲು ಆದೇಶ ಹೋದದ್ದು ಇದೇ ಡೇನಿಯಲ್ಸ್‌ನ ಇಲಾಖೆಯಿಂದ. ಅವನೇ ರಾಯಭಾರಿಯಾಗಿ ಬರುವ ಸುದ್ದಿ ತಿಳಿದು ಜನ ಅಮೆರಿಕದ ರಾಯಭಾರ ಕಚೇರಿಗೆ ಕಲ್ಲು ತೂರಿದರು. ಅವನು ಬಂದು ಎಂಟೂವರೆ ವರ್ಷ ಉಳಿದ, ಮತ್ತು ಆಶ್ಚರ್ಯವೆಂದರೆ ಅವರಿಗೆ ಬೇಕಾದವನಾದ. ಮೆಕ್ಸಿಕೋದ ಅಧ್ಯಕ್ಷ ಲಾಜಾರೊ ಕಾರ್ಡೆನಾಸ್ ಭೂಮಿ ಹಂಚುವುದನ್ನು ನೋಡಿ ಅವನಿಗೆ ತನ್ನೂರಿನ ಗೇಣಿದಾರರು ನೆನಪಾದರು. 1938ರ ಮಾರ್ಚ್ 18ರಂದು ಮೆಕ್ಸಿಕೋ ವಿದೇಶಿ ತೈಲ ಕಂಪನಿಗಳನ್ನು ವಶಪಡಿಸಿಕೊಂಡಾಗ ವಾಷಿಂಗ್ಟನ್ ಕಟುವಾದ ಪತ್ರ ಕಳಿಸಿತು. ಡೇನಿಯಲ್ಸ್ ಅದನ್ನು ತಲುಪಿಸಿ, ಇದು ನಿಮ್ಮ ಕೈಗೆ ಬಂದೇ ಇಲ್ಲವೆಂದು ತಿಳಿಯಿರಿ ಎಂದು ವಿದೇಶಾಂಗ ಮಂತ್ರಿಗೆ ಸೂಚಿಸಿದ. ಮುಖಪುಟದಲ್ಲಿ ಏನು ಹಾಕಬೇಕೆಂದು ತಿಳಿದವನಿಗೆ ಯಾವುದನ್ನು ಹಾಕದೆ ಬಿಡಬೇಕೆಂಬುದೂ ಗೊತ್ತಿರುತ್ತದೆ. ಜಗಳ ಯುದ್ಧವಾಗಲಿಲ್ಲ, ಹಣದ ಮಾತುಕತೆಯಲ್ಲಿ ಮುಗಿಯಿತು.

1941ರಲ್ಲಿ ಊರಿಗೆ ಮರಳಿ ಮತ್ತೆ ಅದೇ ಸಂಪಾದಕನ ಕುರ್ಚಿಯಲ್ಲಿ ಕೂತ. 1948ರ ಜನವರಿಯಲ್ಲಿ ತೀರಿಕೊಂಡ. ಕೊನೆಗಾಲದಲ್ಲಿ ಐದು ಸಂಪುಟಗಳಲ್ಲಿ ಬರೆದ ಆತ್ಮಕಥೆಯಲ್ಲಿ 1898ನ್ನು ಮುಚ್ಚಿಟ್ಟಿಲ್ಲ. ತನ್ನ ಪತ್ರಿಕೆಯ ಪಕ್ಷಪಾತ ಸಂಪಾದಕೀಯದಲ್ಲಷ್ಟೇ ಅಲ್ಲ, ಸುದ್ದಿಯಲ್ಲೂ ಇತ್ತು, ಕೆಲವೊಮ್ಮೆ ಸೇಡಿನಿಂದ ಕೂಡಿತ್ತು, ಬಂದ ದೂರುಗಳನ್ನು ಜರಡಿ ಹಿಡಿದು ನೋಡುವ ಕಾಳಜಿ ಇರಲಿಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಒಪ್ಪಿಗೆಯ ಧಾಟಿ ಮಾತ್ರ ಹಳೆಯ ಕುಸ್ತಿಪಟು ತನ್ನ ಪಟ್ಟುಗಳನ್ನು ವಿವರಿಸುವಂಥದ್ದು. ಕ್ಷಮೆ ಅಲ್ಲಿಲ್ಲ.

ಕ್ಷಮೆ ಕೇಳಿದ್ದು ಪತ್ರಿಕೆ, 2006ರಲ್ಲಿ. ರಾಜ್ಯ ಸರ್ಕಾರ 2000ದಲ್ಲಿ ನೇಮಿಸಿದ್ದ ವಿಲ್ಮಿಂಗ್ಟನ್ ಆಯೋಗ ವರದಿ ಕೊಟ್ಟ ವರ್ಷ ಅದು. ಪತ್ರಿಕೆ 1995ರಲ್ಲೇ ಡೇನಿಯಲ್ಸ್ ಕುಟುಂಬದ ಕೈಯಿಂದ ಮೆಕ್‌ಕ್ಲಾಚಿ ಕಂಪನಿಗೆ ಮಾರಾಟವಾಗಿತ್ತು. ಅದು ವಿಶೇಷ ಪುರವಣಿ ತಂದು 1898ರಲ್ಲಿ ತನ್ನ ಪಾತ್ರವನ್ನು ವಿವರವಾಗಿ ಬರೆದು ತಪ್ಪೊಪ್ಪಿಕೊಂಡಿತು. ಅಷ್ಟಾದ ಮೇಲೂ ಪ್ರತಿಮೆ ಎದುರಿನ ಉದ್ಯಾನದಲ್ಲಿ ಹದಿನಾಲ್ಕು ವರ್ಷ ನಿಂತೇ ಇತ್ತು.

ಪ್ರತಿಮೆ ತೆಗೆದರೆ ಇತಿಹಾಸ ಅಳಿಸಿದಂತೆ ಎಂಬ ವಾದವನ್ನು ಆಗ ಬಹಳ ಜನ ಹೂಡಿದರು. ಈ ಪ್ರಕರಣದಲ್ಲಿ ಅದು ನಿಲ್ಲುವುದಿಲ್ಲ. ಶತಮಾನದ ಹತ್ತಿರ ರಾಜ್ಯದ ಶಾಲಾ ಪುಸ್ತಕಗಳಲ್ಲಿ ವಿಲ್ಮಿಂಗ್ಟನ್ ಇರಲೇ ಇಲ್ಲ, ಇದ್ದರೂ 'ದಂಗೆ' ಎಂದಿತ್ತು. ಕಂಚಿನ ಡೇನಿಯಲ್ಸ್‌ನ ಕೆಳಗೆ ಮ್ಯಾನ್ಲಿಯ ಹೆಸರು ಇರಲಿಲ್ಲ. ಅಳಿಸುವ ಕೆಲಸ ಮೊದಲೇ ಮುಗಿದಿತ್ತು. ಅದನ್ನು ತಿದ್ದಿ ಬರೆದದ್ದು ಆಯೋಗ ಮತ್ತು ಇತಿಹಾಸಕಾರರು.

ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಹುಡುಗರು ದಶಕಗಳ ಕಾಲ ಡೇನಿಯಲ್ಸ್ ಹಾಲ್ ಎಂಬ ಕಟ್ಟಡದಲ್ಲಿ ಪಾಠ ಕೇಳಿದರು. ಆ ಕ್ಯಾಂಪಸ್ಸಿಗೆ ಎಂ.ಎಸ್. ಮಾಡಲು ಹೋದ ನಮ್ಮ ಹುಡುಗರಲ್ಲೂ ಹಲವರಿಗೆ ಆ ಹೆಸರು ಗೊತ್ತಿರುತ್ತದೆ, ಅದು ಯಾರದೆಂದು ಗೊತ್ತಿರಲಾರದು. 2020ರಲ್ಲಿ ಆ ಹೆಸರೂ ಹೋಯಿತು. ಬೇರೆ ಯಾರ ಹೆಸರನ್ನೂ ಇಡದೆ ವಿಶ್ವವಿದ್ಯಾಲಯ ಕಟ್ಟಡವನ್ನು ಅದರ ವಿಳಾಸದಿಂದಲೇ ಕರೆಯತೊಡಗಿತು: 111, ಲ್ಯಾಂಪ್ ಡ್ರೈವ್.